ಕಿತ್ತಳೆ ಪುಡಿ, ಕರಿ ಪುಡಿ

ಕಲ್ಯಾಣ್–ಭಿವಂಡಿ ರಸ್ತೆಗೆ ತಾಗಿಕೊಂಡ ಮದುವೆ ಲಾನುಗಳಲ್ಲಿ ಒಂದು. ಡಿಸೆಂಬರಿನ ಬೆಳಿಗ್ಗೆ. ಹಿಂದಿನ ಮದುವೆಯ ಮಂಟಪ ಬಿಚ್ಚಿ ಆಗಿದೆ, ಮುಂದಿನದ್ದರ ಬಿದಿರು ಇನ್ನೂ ಬಂದಿಲ್ಲ. ಶೆಡ್ಡಿನ ಮುಂದೆ ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರ್ ನಿಂತಿದೆ. ಲಾನು ನೋಡಿಕೊಳ್ಳುವವರು ಉಡುಪಿ ಕಡೆಯವರು, ಹೋಟೆಲ್ ಕೆಲಸಕ್ಕೆಂದು ಬಂದು ಇಲ್ಲಿ ನಿಂತವರು. ಅವರು ಕರೆಸಿಕೊಂಡ ಹಿರಿಯರು ಧಾರವಾಡದವರು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತರಾಗಿ ಡೊಂಬಿವಲಿಯಲ್ಲಿದ್ದಾರೆ. ಟ್ರ್ಯಾಕ್ಟರ್ ಓಡಿಸುವವನು ವಿಜಯಪುರ ಜಿಲ್ಲೆಯವನು.

ಲಾನಿನವರು: ತೊಳೆಯಬೇಡಿ ಅಂತ ಫೋನಿನಲ್ಲಿ ಹೇಳಿದಿರಿ, ಹಾಗೇ ಬಿಟ್ಟಿದ್ದೇನೆ. ನೋಡಿ. ಮುಂದಿನ ಟೈರು, ಅಲಗು ತಿರುಗುವ ಡೆಕ್ಕಿನ ಅಂಚು, ಇವನ ಬೂಟು, ಪ್ಯಾಂಟಿನ ತುದಿ, ಎಲ್ಲ ಕಡೆ ಕಿತ್ತಳೆ ಪುಡಿ. ಹೋದ ವಾರ ಹುಡುಗಿ ಕಡೆಯವರ ಬಿಳಿ ಲೆಹೆಂಗಾದ ಅಂಚಿಗೂ ಹತ್ತಿ ರಂಪ ಆಯ್ತು. ಬಿಲ್ಲಿನಲ್ಲಿ ಮುರಿದುಕೊಂಡೇ ಹೋದರು.

ಹಿರಿಯರು: ಅನುಮಾನ ಯಾರ ಮೇಲೆ?

ಲಾನಿನವರು: ಅನುಮಾನ ಎಂಥದ್ದು! ಈಚೆ ಸರವಲಿ ಎಂಐಡಿಸಿಯ ಕಾರ್ಖಾನೆಗಳು, ಆಚೆ ಭಿವಂಡಿ ಊರು ತುಂಬ ಡೈಯಿಂಗ್. ಈ ಬಣ್ಣ ಮತ್ತೆ ಎಲ್ಲಿಂದ ಬರಬೇಕು? ದೂರಿನ ಪತ್ರ ಟೈಪ್ ಮಾಡಿಸಿ ಇಟ್ಟಿದ್ದೇನೆ. ಇದು ಇಂಥ ಡೈ ಅಂತ ನೀವು ಹೆಸರು ಹೇಳಿದರೆ ಆ ಒಂದು ಸಾಲು ಸೇರಿಸಿ ಕಳಿಸಿಬಿಡುವುದು.

ಹಿರಿಯರು: ಹೆಸರು ಆಮೇಲೆ ಹೇಳೋಣ. ಮೊದಲು ಗಾಡಿ ಸುತ್ತ ಒಂದು ಸಲ ತಿರುಗೋಣ ಬನ್ನಿ. ಸೀಟಿನ ಮೇಲೆ ಕಿತ್ತಳೆ ಇದೆಯಾ?

ಲಾನಿನವರು: ಸೀಟಿನ ಮೇಲೆ... ಇಲ್ಲ.

ಹಿರಿಯರು: ಬಾನೆಟ್ಟಿನ ಮೇಲೆ?

ಲಾನಿನವರು: ಅಲ್ಲಿ ಬೇರೆ ದೂಳು ಇದೆ. ಕಿತ್ತಳೆ ಇಲ್ಲ.

ಹಿರಿಯರು: ಶೆಡ್ಡಿನ ತಗಡಿನ ಮೇಲೆ, ಗೇಟಿನ ಹತ್ತಿರ ನಿಂತ ನಿಮ್ಮ ಕಾರಿನ ಮೇಲೆ, ಜನರೇಟರಿನ ಮೇಲೆ?

ಲಾನಿನವರು: ಇಲ್ಲ ಮಾರಾಯರೆ. ಇದ್ದರೆ ನಾನೇ ಹೇಳುತ್ತಿರಲಿಲ್ಲವೇ?

ಹಿರಿಯರು: ಆಕಾಶದಿಂದ ಬೀಳುವ ಪುಡಿ ನಿಮ್ಮ ಕಾರನ್ನು ಬಿಟ್ಟು ಬರೀ ಟ್ರ್ಯಾಕ್ಟರಿನ ಟೈರು ಹುಡುಕಿಕೊಂಡು ಬರುವುದಿಲ್ಲ. ಮೇಲಿಂದ ಬಿದ್ದದ್ದು ಮೇಲ್ಮುಖದ ಮೇಲೆ ಕೂರುತ್ತದೆ. ಇದು ಮೊಣಕಾಲಿಗಿಂತ ಮೇಲೆ ಏರಿಯೇ ಇಲ್ಲ, ನೆಲದಿಂದ ಬಂದದ್ದು. ಇನ್ನೊಂದು ನೋಡಿದಿರಾ, ಹಿಂದಿನ ಎರಡು ಟೈರಿನಲ್ಲಿ ಬಲಗಡೆಯದಕ್ಕೆ ಹೆಚ್ಚು ಮೆತ್ತಿದೆ. ಏನಪ್ಪಾ, ಕತ್ತರಿಸಿದ ಹುಲ್ಲು ಯಾವ ಕಡೆ ಹಾರುತ್ತೆ?

ಚಾಲಕ: ಬಲಕ್ಕರೀ. ಬಾಯಿ ಬಲಕ್ಕ ಐತಿ.

ಹಿರಿಯರು: ಅಂದರೆ ಡೆಕ್ಕಿನ ಒಳಗಿಂದ ಉಗುಳಿದ್ದು. ಡೆಕ್ಕಿನ ಕೆಲಸ ಬರೀ ಕತ್ತರಿಸುವುದಲ್ಲ ರೀ. ಅರ್ಧ ಮೀಟರ್ ಉದ್ದದ ಅಲಗು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ತುದಿ ಗಂಟೆಗೆ 280 ಕಿಲೋಮೀಟರ್ ದಾಟುತ್ತದೆ. ಅಲಗಿನ ಹಿಂಬದಿಯ ರೆಕ್ಕೆ ಕೆಳಗಿನ ಗಾಳಿಯನ್ನು ಮೇಲಕ್ಕೆ ಎಳೆಯುತ್ತದೆ. ಮಲಗಿದ ಹುಲ್ಲು ನೆಟ್ಟಗೆ ನಿಲ್ಲುವುದು, ತುಂಡಾಗುವುದು, ಬಾಯಿಯಿಂದ ಆಚೆ ಹೋಗುವುದು ಎಲ್ಲ ಆ ಗಾಳಿಯಿಂದಲೇ. ಹುಲ್ಲಿನ ಮೈಮೇಲೆ ಸಡಿಲಾಗಿ ಏನಿದ್ದರೂ ಅದೂ ಜೊತೆಗೆ ಹೋಗುತ್ತದೆ. ಈಗ ನೀ ಹೇಳು, ಪುಡಿ ಯಾವಾಗ ಹೆಚ್ಚು ಏಳುತ್ತೆ, ಬೆಳಿಗ್ಗೆ ಏಳಕ್ಕೋ, ಹನ್ನೊಂದಕ್ಕೋ?

ಚಾಲಕ: ಮುಂಜಾನೆ ಇಬ್ಬನಿ ಇದ್ದಾಗ ಏನೂ ಏಳಂಗಿಲ್ರೀ, ಕೆಸರಿನಂಗ ಅಂಟತೈತಿ. ಬಿಸಿಲೇರಿದ ಮ್ಯಾಲೆ ಹೊಗಿ ಎದ್ದಂಗ ಏಳತೈತಿ. ಅದೂ ಎಲ್ಲಾ ಕಡೆ ಅಲ್ಲ. ಸ್ಟೇಜಿನ ಹಿಂದ, ಕಂಪೌಂಡ್ ಗ್ವಾಡಿ ನೆರಳಿನ್ಯಾಗ. ರಸ್ತೆ ಕಡೆ ಇಲ್ಲ.

ಲಾನಿನವರು: ಇದನ್ನು ನನಗೆ ಹೇಳಲೇ ಇಲ್ಲ ನೀನು!

ಚಾಲಕ: ನೀವು ಕೇಳಲಿಲ್ರೀ.

ಹಿರಿಯರು: ನಿಮ್ಮ ಅರ್ಧ ತನಿಖೆ ಅವನ ಬಾಯಲ್ಲೇ ಇತ್ತು. ಕಾರ್ಖಾನೆಯ ಬಣ್ಣ ರಸ್ತೆಯ ಕಡೆ ಬಿಸಿಲಿನಲ್ಲಿ ಬೀಳದೆ ಗೋಡೆಯ ನೆರಳಿನಲ್ಲೇ ಬೀಳಲು ಅದಕ್ಕೇನು ಬಿಸಿಲು ಆಗದೇ? ಆ ಗೋಡೆ ಪಕ್ಕದ ಹುಲ್ಲು ನೋಡೋಣ. ಇಗೋ ಭೂತಗನ್ನಡಿ. ಎಸಳನ್ನು ಹೀಗೆ ಬೆರಳ ಮೇಲೆ ಚಪ್ಪಟೆ ಹಿಡಿದು ನೋಡಿ.

ಲಾನಿನವರು: ಎಲೆಯ ಉದ್ದಕ್ಕೆ ಸಣ್ಣ ಸಣ್ಣ ಗುಳ್ಳೆ... ಹಪ್ಪಳದ ಗುಳ್ಳೆ ಒಡೆದ ಹಾಗೆ ಸಿಪ್ಪೆ ಬಿರಿದಿದೆ. ಒಳಗೆ ಕಿತ್ತಳೆ ತುಂಬಿದೆ!

ಚಾಲಕ: ಇದು ನಮ್ಮ ಗೋಧಿ ಹೊಲಕ್ಕ ಬರೋದಲ್ರೀ? ಭಂಡಾರ ರೋಗ. ಅದು ಬಂದ ಹೊಲದಾಗ ಅಡ್ಡಾಡಿ ಬಂದರ ಧೋತರ ಎಲ್ಲಾ ಹಿಂಗ ಆಗತಿತ್ತು.

ಹಿರಿಯರು: ಅದರದೇ ಬಳಗ. ತುಕ್ಕು ರೋಗ. ಪಕ್ಸೀನಿಯಾ ಅನ್ನುವ ಶಿಲೀಂಧ್ರದ ಜಾತಿ. ಗೋಧಿಗೆ ಹತ್ತುವ ಪ್ರಭೇದ ಬೇರೆ, ಲಾನಿನ ಹುಲ್ಲಿಗೆ ಹತ್ತುವುದು ಬೇರೆ. ಪುಡಿಯ ಒಂದೊಂದು ಕಣವೂ ಒಂದು ಬೀಜಾಣು. ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರಿನಲ್ಲಿ ನಲವತ್ತರಷ್ಟು ಹಿಡಿಯುತ್ತವೆ.

ಲಾನಿನವರು: ನಿಲ್ಲಿ ಸ್ವಾಮಿ. ಇಷ್ಟು ಬೇಗ ಕಾರ್ಖಾನೆಯವರನ್ನು ಬಿಟ್ಟುಬಿಡುತ್ತೀರಾ? ನೀವೂ ಬಣ್ಣದ ಕಂಪನಿಯ ಉಪ್ಪು ತಿಂದವರಲ್ಲವೇ! ಡೊಂಬಿವಲಿಯಲ್ಲೇ ಇದ್ದುಕೊಂಡು ಮರೆತಿರಾ? 2014ರ ಜನವರಿಯಲ್ಲಿ ಎಂಐಡಿಸಿ ಕಡೆ ಹಸಿರು ಮಳೆ ಬಿತ್ತು ಅಂತ ದೇಶವೆಲ್ಲ ಸುದ್ದಿ. 2020ರ ಫೆಬ್ರುವರಿಯಲ್ಲಿ ಅದೇ ಡೊಂಬಿವಲಿಯಲ್ಲಿ ರಸ್ತೆಯೇ ಗುಲಾಬಿ ಆಗಿ, ಆಗಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಬಂದು ನೋಡಿಕೊಂಡು ಹೋದರು. ತಳೋಜಾದಲ್ಲಿ ನಾಯಿಗಳೇ ನೀಲಿ ಆದವು. ಇಷ್ಟೆಲ್ಲ ಆದ ಸೀಮೆಯಲ್ಲಿ ಕಿತ್ತಳೆ ಕಂಡರೆ ನಾನು ಶಿಲೀಂಧ್ರ ಅಂದುಕೊಳ್ಳಬೇಕಾ?

ಹಿರಿಯರು: ಸಿಟ್ಟು ಸರಿ ಇದೆ. ಈ ಸೀಮೆಯಲ್ಲಿ ಅನುಮಾನ ಪಡದವನೇ ಮೂರ್ಖ. ಉಪ್ಪಿನ ಮಾತಿಗೆ ಉತ್ತರ ಆಮೇಲೆ ಕೊಡುತ್ತೇನೆ. ಈಗ ನಿಮ್ಮ ನೀಲಿ ನಾಯಿಯ ಕಥೆಯನ್ನೇ ತೆಗೆದುಕೊಳ್ಳಿ. 2017ರ ಆಗಸ್ಟ್. ತಳೋಜಾ ಕೈಗಾರಿಕಾ ಪ್ರದೇಶದಲ್ಲಿ ಬೀದಿನಾಯಿಗಳು ನೀಲಿಯಾಗಿ ತಿರುಗುತ್ತಿದ್ದವು. ಪಕ್ಕದಲ್ಲೇ ಕಾಸಾಡಿ ನದಿ, ಅದರ ನೀರು ಕೆಟ್ಟು ಎಷ್ಟೋ ವರ್ಷ. ಎಲ್ಲರೂ ಅಂದದ್ದು ಒಂದೇ, ನಾಯಿಗಳು ನದಿಗೆ ಇಳಿದು ಬಣ್ಣ ಹಚ್ಚಿಕೊಂಡವು ಅಂತ. ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೋಗಿ ನೋಡಿದಾಗ ಎರಡು ತಪ್ಪು ಬೇರೆ ಬೇರೆಯಾಗಿ ಸಿಕ್ಕವು. ನಾಯಿಗಳನ್ನು ನೀಲಿ ಮಾಡಿದ್ದು ಒಂದು ಕಾರ್ಖಾನೆಯಿಂದ ಗಾಳಿಗೆ ಹಾರುತ್ತಿದ್ದ ಬಣ್ಣದ ಪುಡಿ. ನೀರಿಗೆ ಹೋಗುತ್ತಿದ್ದ ತ್ಯಾಜ್ಯ ಇನ್ನೊಂದು ತಪ್ಪು. ಕಾರ್ಖಾನೆಗೆ ಬೀಗ ಬಿತ್ತು, ನಾಯಿಗಳ ಬಣ್ಣ ಮಳೆಗೆ ತೊಳೆದುಹೋಯಿತು. ಬರೀ ನದಿ ಅಂತ ಹಿಡಿದುಕೊಂಡು ಕೂತಿದ್ದರೆ ಪುಡಿ ಹಾರಿಸುವವನು ಆರಾಮವಾಗಿ ಹಾರಿಸಿಕೊಂಡೇ ಇರುತ್ತಿದ್ದ.

ಲಾನಿನವರು: ಅಲ್ಲಿಯೂ ಕೊನೆಗೆ ಸಿಕ್ಕಿದ್ದು ಕಾರ್ಖಾನೆಯೇ ಅಲ್ಲವೇ?

ಹಿರಿಯರು: ಅಲ್ಲಿ ಕಾರ್ಖಾನೆ. ಎಲ್ಲ ಕಡೆ ಅಲ್ಲ. 1981ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಅಲೆಕ್ಸಾಂಡರ್ ಹೇಗ್ ಬರ್ಲಿನ್ನಿನಲ್ಲಿ ನಿಂತು ದೊಡ್ಡ ಆರೋಪ ಮಾಡಿದರು. ಲಾವೋಸ್, ಕಾಂಬೋಡಿಯಾದಲ್ಲಿ ಜನರ ಮೇಲೆ ವಿಷ ಪ್ರಯೋಗ ಆಗುತ್ತಿದೆ, ಬೆರಳು ಸೋವಿಯತ್ ಒಕ್ಕೂಟದ ಕಡೆ. ಸಾಕ್ಷಿಯೇನು ಅಂದರೆ ಎಲೆಗಳ ಮೇಲೆ, ಕಲ್ಲುಗಳ ಮೇಲೆ ಬಿದ್ದ ಹಳದಿ ಚುಕ್ಕೆಗಳು. ಹಳದಿ ಮಳೆ ಅಂತಲೇ ಹೆಸರಾಯಿತು. ಆ ಚುಕ್ಕೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ ತುಂಬ ಪರಾಗ. ಅದೂ ಒಳಗಿನ ಸತ್ವ ಖಾಲಿಯಾಗಿ ಬರೀ ಸಿಪ್ಪೆ ಉಳಿದ ಪರಾಗ, ಯಾರೋ ಜೀರ್ಣ ಮಾಡಿಕೊಂಡದ್ದು. ಹಾರ್ವರ್ಡಿನ ಮ್ಯಾಥ್ಯೂ ಮೆಸೆಲ್ಸನ್, ಜೇನು ತಜ್ಞ ಥಾಮಸ್ ಸೀಲಿ ಮತ್ತು ಅವರ ಥಾಯ್ ಜೊತೆಗಾರ 1984ರಲ್ಲಿ ಥಾಯ್ಲೆಂಡಿನ ಕಾಡಿಗೆ ಹೋದರು. ಮರದ ಮೇಲೆ ಹೆಜ್ಜೇನಿನ ಹುಟ್ಟು. ಕೆಳಗೆ ನಿಂತಿದ್ದಾಗ ಅವರ ಮೈಮೇಲೆಯೇ ಹಳದಿ ಮಳೆ ಸುರಿಯಿತು.

ಲಾನಿನವರು: ಹೆಜ್ಜೇನಿನ...?

ಹಿರಿಯರು: ಹೌದು, ಮಲ. ಹೆಜ್ಜೇನು ಹಿಂಡುಹಿಂಡಾಗಿ ಎದ್ದು ಒಟ್ಟಿಗೆ ಹೊಟ್ಟೆ ಖಾಲಿ ಮಾಡಿಕೊಳ್ಳುತ್ತದೆ. ನಿಮ್ಮ ಪಶ್ಚಿಮಘಟ್ಟದ ಯಾವ ಜೇನು ಕೀಳುವವನನ್ನು ಕೇಳಿದ್ದರೂ ಹೇಳುತ್ತಿದ್ದ. ಇತ್ತೀಚಿನದ್ದೂ ಇದೆ. 2001ರಲ್ಲಿ ಕೇರಳದ ಕೋಟ್ಟಯಂ ಕಡೆ ಕೆಂಪು ಮಳೆ ಬಂದಾಗ ತಿರುವನಂತಪುರದ ವಿಜ್ಞಾನಿಗಳು ನೋಡಿ, ಮರದ ತೊಗಟೆಯ ಮೇಲೆ ಬೆಳೆಯುವ ಪಾಚಿಯ ಬೀಜಾಣು ಅಂದರು. ಆಮೇಲೂ ಅದು ಧೂಮಕೇತುವಿನಿಂದ ಬಂದ ಜೀವಕಣ ಅಂತ ಪ್ರಬಂಧ ಬರೆದವರು ಇದ್ದರು. ಮರ ಪಕ್ಕದಲ್ಲೇ ಇತ್ತು, ಇವರು ಧೂಮಕೇತು ಹುಡುಕಿದರು.

ಲಾನಿನವರು: ಆಯ್ತು. ಆದರೂ ಒಂದು ಪರೀಕ್ಷೆ ಮಾಡಿ ತೋರಿಸಿ. ಮಾಲೀಕರು ಕೇಳಿದರೆ ಹೆಜ್ಜೇನಿನ ಕಥೆ ಹೇಳಲಿಕ್ಕೆ ಆಗುವುದಿಲ್ಲ.

ಹಿರಿಯರು: ಬಿಳಿ ಕರವಸ್ತ್ರ ಕೊಡಿ. ಟೈರಿಗೆ ಒರೆಸಿದೆ, ಕಿತ್ತಳೆ ಬಂತು. ಈಗ ಒಂದು ತೊಟ್ಟು ನೀರು. ಬಟ್ಟೆಗೆ ಹಾಕುವ ರಿಯಾಕ್ಟಿವ್ ಡೈ ಆಗಿದ್ದರೆ ಈಗಾಗಲೇ ಬಣ್ಣ ನೀರಿನ ಜೊತೆ ಹರಡಿ ಉಂಗುರ ಕಟ್ಟಬೇಕಿತ್ತು. ಇಲ್ಲಿ ಪುಡಿ ಕೂತಲ್ಲೇ ಕೂತಿದೆ. ಇಷ್ಟಕ್ಕೇ ತೀರ್ಪು ಕೊಡಬಾರದು. ಪೇಂಟು, ಪ್ಲಾಸ್ಟಿಕ್ಕಿಗೆ ಹಾಕುವ ಪಿಗ್ಮೆಂಟು ಕೂಡ ನೀರಿನಲ್ಲಿ ಕರಗುವುದಿಲ್ಲ. ನನಗೆ ನಂಬಿಕೆ ಬಂದದ್ದು ಕರವಸ್ತ್ರದಿಂದಲ್ಲ, ಎಲೆಯ ಒಳಗಿಂದ ಒಡೆದು ಬಂದ ಗುಳ್ಳೆಯಿಂದ. ಹೊರಗಿನಿಂದ ಬಿದ್ದ ಪುಡಿ ಎಲೆಯ ಚರ್ಮವನ್ನು ಒಳಗಿಂದ ಸೀಳುವುದಿಲ್ಲ.

ಲಾನಿನವರು: ಇಷ್ಟು ವರ್ಷ ಇರದ ರೋಗ ಈ ವರ್ಷವೇ ಯಾಕೆ ಬಂತು?

ಹಿರಿಯರು: ನೀರು ಯಾವಾಗ ಹಾಕುತ್ತೀರಿ?

ಲಾನಿನವರು: ಟ್ಯಾಂಕರ್ ಬರುವುದೇ ರಾತ್ರಿ. ಬಂದ ಕೂಡಲೇ ಸ್ಪ್ರಿಂಕ್ಲರ್ ಬಿಡುತ್ತೇವೆ.

ಹಿರಿಯರು: ಗೊಬ್ಬರ?

ಲಾನಿನವರು: ಮಳೆಗಾಲದ ಮೊದಲು ಹಾಕಿದ್ದು.

ಹಿರಿಯರು: ಇನ್ನೇನು ಬೇಕು ಅದಕ್ಕೆ! ಜುಲೈ, ಆಗಸ್ಟಿನ ಮಳೆ ಸಾರಜನಕವನ್ನೆಲ್ಲ ತೊಳೆದುಕೊಂಡು ಹೋಯಿತು. ಮಂಟಪದ ಕಾರ್ಪೆಟ್ಟು ಬಿದ್ದಲ್ಲಿ ಹುಲ್ಲು ಮೊದಲೇ ಉಸಿರು ಕಟ್ಟಿದೆ. ಬೆಳವಣಿಗೆ ನಿಂತ ಹುಲ್ಲು, ರಾತ್ರಿಯಿಡೀ ಒದ್ದೆ ಎಲೆ, ಗೋಡೆಯ ನೆರಳು, ಡಿಸೆಂಬರಿನ ತಂಪು. ಬೀಜಾಣು ಮೊಳೆಯಲು ಎಲೆಯ ಮೇಲೆ ಕೆಲವು ಗಂಟೆ ನೀರು ನಿಂತರೆ ಸಾಕು. ಹುಲ್ಲು ಚುರುಕಾಗಿ ಬೆಳೆಯುತ್ತಿದ್ದರೆ ಗುಳ್ಳೆ ಹಣ್ಣಾಗುವ ಮೊದಲೇ ನೀವು ಆ ತುದಿಯನ್ನು ಕತ್ತರಿಸಿ ಆಚೆ ಹಾಕಿರುತ್ತೀರಿ. ಬೆಳೆಯದೆ ಕೂತದ್ದಕ್ಕೇ ಕಿತ್ತಳೆ.

ಚಾಲಕ: ಮತ್ತ ನಾವು ಈ ಗಾಡಿ ಇನ್ನೆರಡು ಲಾನಿಗೆ ಒಯ್ತೀವಲ್ರೀ?

ಹಿರಿಯರು: ಒಯ್ಯುವ ಮೊದಲು ಡೆಕ್ಕು ತೊಳೆ. ಆದರೆ ಬರೀ ಗಾಡಿಯಿಂದ ಹೋಗುವ ರೋಗ ಇದಲ್ಲ. ಗಾಳಿಗೆ ಎಷ್ಟು ದೂರ ಹೋಗುತ್ತದೆ ಅನ್ನುವುದನ್ನು ಕಂಡುಹಿಡಿದವರು ನಮ್ಮವರೇ, ಆಗ್ರಾ ಕಾಲೇಜಿನ ಕೆ. ಸಿ. ಮೆಹ್ತಾ. ನಿಮ್ಮ ವಿಜಯಪುರದ ಬೇಸಿಗೆಯಲ್ಲಿ ಗೋಧಿಯ ತುಕ್ಕು ಬದುಕುವುದಿಲ್ಲ, ಸುಟ್ಟುಹೋಗುತ್ತದೆ. ಹಾಗಿದ್ದರೆ ಪ್ರತಿ ಚಳಿಗಾಲ ಎಲ್ಲಿಂದ ಬರುತ್ತದೆ? ದಕ್ಷಿಣದಲ್ಲಿ ನೀಲಗಿರಿ, ಪಳನಿ ಬೆಟ್ಟ, ಉತ್ತರದಲ್ಲಿ ಹಿಮಾಲಯ. ಅಲ್ಲಿ ತಂಪಿನಲ್ಲಿ ಉಳಿದುಕೊಂಡು ಗಾಳಿಯ ಜೊತೆ ಬಯಲಿಗೆ ಇಳಿಯುತ್ತದೆ ಅಂತ ಮೆಹ್ತಾ ತೋರಿಸಿಕೊಟ್ಟರು. ಕಾಫಿಯ ಎಲೆ ತುಕ್ಕೂ ಹೀಗೇ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿತು, ಬೇಗನೇ ಮೈಸೂರು, ಕೊಡಗಿನ ತೋಟಕ್ಕೂ ಬಂತು. ಸಿಲೋನಿನವರು ಕಾಫಿ ಬಿಟ್ಟು ಚಹಾಕ್ಕೆ ಹೋದರು. ನಮ್ಮವರು ಬಿಡಲಿಲ್ಲ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಆಯಿತು, ರೋಗ ತಡೆಯುವ ತಳಿ ಹುಡುಕಿದರು. ಸಿಲೋನಿನಲ್ಲಿ ತೋಟಗಳೇ ಹೋದವು. ನಿಮ್ಮದು ಲೆಹೆಂಗಾದ ಅಂಚು.

ಲಾನಿನವರು: ನಗಬೇಡಿ. ಮದುವೆಯವರ ಎದುರು ನಿಂತು ನೋಡಿ, ಗೊತ್ತಾಗುತ್ತದೆ. ಔಷಧಿ ಹೇಳಿ.

ಹಿರಿಯರು: ಶಿಲೀಂಧ್ರನಾಶಕ ಬೇಡ. ನೂರು ಚದರ ಮೀಟರಿಗೆ ಒಂದು ಕಿಲೋ ದಾಟದ ಹಾಗೆ ಯೂರಿಯಾ, ಹಾಕಿದ ಕೂಡಲೇ ನೀರು. ಟ್ಯಾಂಕರ್ ರಾತ್ರಿ ಬಂದರೆ ನೀರನ್ನು ತೊಟ್ಟಿಗೆ ತುಂಬಿಸಿಕೊಳ್ಳಿ, ಹುಲ್ಲಿಗೆ ಬೆಳಿಗ್ಗೆ ಬಿಡಿ. ಸ್ಟೇಜಿನ ಹಿಂದಿನ ಜಾಗವನ್ನು ಕೊನೆಗೆ ಕತ್ತರಿಸಿ, ಆ ಹುಲ್ಲನ್ನು ಅಲ್ಲಿಯೇ ಬಿಡದೆ ಚೀಲದಲ್ಲಿ ಹಿಡಿದು ಆಚೆ ಹಾಕಿ. ಬಟ್ಟೆಗೆ ಹತ್ತಿದರೆ ಒದ್ದೆ ಕೈಯಿಂದ ತಿಕ್ಕಬೇಡಿ, ಒಣಗಿದ್ದಾಗ ಕೊಡವಿದರೆ ಬಹುಪಾಲು ಹೋಗುತ್ತದೆ. ಕಿತ್ತಳೆ ಕಥೆ ಇಷ್ಟೇ. ಈಗ ನಾನು ಒಂದು ಕೇಳಲಾ?

ಲಾನಿನವರು: ಕೇಳಿ.

ಹಿರಿಯರು: ಬಾನೆಟ್ಟಿನ ಮೇಲೆ ಬೇರೆ ದೂಳು ಇದೆ ಅಂದಿರಿ. ಅದೇನು?

ಲಾನಿನವರು: ಅದಾ? ಅದು ಯಾವಾಗಲೂ ಇರುವುದೇ. ಕರಿ ದೂಳು. ಭಿವಂಡಿಯಲ್ಲಿ ಇದ್ದಮೇಲೆ ಕರಿ ದೂಳು ಇಲ್ಲದಿರುತ್ತದೆಯೇ?

ಹಿರಿಯರು: ಅದರ ಬಗ್ಗೆ ಪತ್ರದಲ್ಲಿ ಏನು ಬರೆದಿದ್ದೀರಿ?

ಲಾನಿನವರು: ಏನೂ ಬರೆದಿಲ್ಲ. ಬರೆಯುವುದೇನು ಅದರಲ್ಲಿ?

ಹಿರಿಯರು: ಕುರ್ಚಿಗೆ ಹೊದಿಸುವ ಬಿಳಿ ಸ್ಯಾಟಿನ್ ಬಟ್ಟೆ ಎಷ್ಟು ಸಲ ತೊಳೆಸುತ್ತೀರಿ?

ಲಾನಿನವರು: ಪ್ರತಿ ಕಾರ್ಯಕ್ರಮಕ್ಕೂ. ಊಟದ ಕಲೆಗೆ ಅಂತ ಅಲ್ಲ; ಸಂಜೆ ಹೊದಿಸಿದ್ದು ಬೆಳಿಗ್ಗೆಗೆ ಚುಕ್ಕೆ ಚುಕ್ಕೆ ಆಗಿರುತ್ತದೆ. ಹಾಗಾಗಿ ಹೊದಿಸುವುದನ್ನೇ ನೆಂಟರು ಬರುವ ಹೊತ್ತಿಗೆ ಇಟ್ಟುಕೊಂಡಿದ್ದೇವೆ. ಧೋಬಿಯ ಖರ್ಚು ದರಪಟ್ಟಿಯಲ್ಲೇ ಸೇರಿಸಿದೆ.

ಹಿರಿಯರು: ಹಾಂ. ಕಿತ್ತಳೆ ಬಂದು ಒಂದು ವಾರಕ್ಕೆ ಪತ್ರ ಟೈಪಾಯಿತು. ಕಪ್ಪು ಬಂದು ಎಷ್ಟೋ ವರ್ಷವಾಯಿತು, ಅದಕ್ಕೆ ದರಪಟ್ಟಿಯಲ್ಲಿ ಜಾಗ ಸಿಕ್ಕಿತು!

ಲಾನಿನವರು: ...ಇದೂ ಹುಲ್ಲಿನದೇ ರೋಗ ಅಂತ ಹೇಳಿಬಿಡಿ, ಮುಗಿಯಲಿ.

ಹಿರಿಯರು: ಹೇಳುವ ಹಾಗಿದ್ದರೆ ಹೇಳುತ್ತಿದ್ದೆ. ಇದಕ್ಕೂ ಅದೇ ಪ್ರಶ್ನೆ. ಮೊದಲು ಮನೆಯೊಳಗಿನ ಕಳ್ಳ. ಗಾಡಿಯ ಸೈಲೆನ್ಸರ್ ಎಲ್ಲಿದೆ? ಮುಂದೆ, ಬಲಕ್ಕೆ. ಅದರ ಮಸಿ ಆಗಿದ್ದರೆ ಬಲಗಡೆ ದಟ್ಟ, ಎಡಗಡೆ ತೆಳು ಇರಬೇಕು. ಇಲ್ಲಿ ಬಾನೆಟ್ಟಿನ ಉದ್ದಗಲಕ್ಕೂ ಒಂದೇ ಸಮ. ಗಾಡಿ ಶೆಡ್ಡಿನಲ್ಲಿ ನಿಂತ ರಾತ್ರಿಯೂ ನಿಮ್ಮ ಕುರ್ಚಿಗಳಿಗೆ ಚುಕ್ಕೆ ಬೀಳುತ್ತದೆ, ಹಾಗಾಗಿ ಸೈಲೆನ್ಸರ್ ಅಲ್ಲ. ಎಂಜಿನ್ ಎಣ್ಣೆ ಸೋರಿ ದೂಳು ಹಿಡಿದದ್ದಾ? ಅದು ಕೆಳಗೆ, ಎಂಜಿನ್ನಿನ ಸುತ್ತ ಇರುತ್ತದೆ. ಸೀಮೆಎಣ್ಣೆ ಹಾಕಿದರೆ ಕಂದು ಬಣ್ಣ ಬಿಟ್ಟುಕೊಂಡು ಹರಡುತ್ತದೆ. ಇಗೋ, ಹರಡಲಿಲ್ಲ.

ಲಾನಿನವರು: ಆ ಮಳೆಮರದಿಂದ ಬಿದ್ದದ್ದು ಇರಬಹುದಲ್ಲ? ಅದರ ಕೆಳಗೆ ಕಾರು ನಿಲ್ಲಿಸಿದರೆ ಅಂಟಂಟು ಕಪ್ಪು ಆಗುತ್ತದೆ.

ಹಿರಿಯರು: ಒಳ್ಳೆಯ ಅನುಮಾನ. ಮುಂಬೈಯ ಎಷ್ಟೋ ಮಳೆಮರಗಳನ್ನು ಒಣಗಿಸಿದ ಹಿಟ್ಟು ತಿಗಣೆ ಎಲೆಯ ರಸ ಹೀರಿ ಸಿಹಿ ಅಂಟು ಸುರಿಸುತ್ತದೆ. ಮಾವಿಗೆ ಜಿಗಿಹುಳ ಬಂದಾಗ ಆಗುವುದೂ ಅದೇ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಅದಾಗಿದ್ದರೆ ಬೆರಳಿಗೆ ಅಂಟಬೇಕು, ಬಿಸಿನೀರಿಗೆ ಕರಗಿ ಬಿಡಬೇಕು, ಮರದ ನೆರಳು ದಾಟಿದ ಮೇಲೆ ಇರಬಾರದು. ಇಲ್ಲಿ ಮುಟ್ಟಿ ನೋಡಿ. ಒಣ ಚೂರು. ಒತ್ತಿದರೆ ಪುಡಿಯಾಗಿ ಬೆರಳು ಕರಿ ಆಯಿತು. ನೀರಿಗೆ ಹಾಕಿದರೆ ತೇಲುತ್ತಿದೆ. ಭೂತಗನ್ನಡಿಯಲ್ಲಿ ಏನು ಕಾಣುತ್ತದೆ?

ಲಾನಿನವರು: ಗೆರೆ ಗೆರೆ. ಕಟ್ಟಿಗೆಯ ಸೀಳಿನ ಹಾಗಿದೆ. ಕೆಲವು ಮಾತ್ರ ಗುಂಡಗೆ, ಮಿಂಚುತ್ತವೆ, ಕರಗಿ ಗಟ್ಟಿಯಾದ ಹಾಗೆ.

ಹಿರಿಯರು: ಗೆರೆ ಇರುವುದು ಪೂರ್ತಿ ಉರಿಯದ ಕಟ್ಟಿಗೆ, ಹೊಟ್ಟು. ಕರಗಿ ಗುಂಡಾದದ್ದು ಪ್ಲಾಸ್ಟಿಕ್ ಇರಬಹುದು, ಪಾಲಿಯೆಸ್ಟರ್ ಚಿಂದಿ ಇರಬಹುದು. ಅದನ್ನು ಪ್ರಯೋಗಾಲಯ ಹೇಳಬೇಕು, ನನ್ನ ಗಾಜಿಗೆ ಅಷ್ಟು ಶಕ್ತಿ ಇಲ್ಲ. ಆದರೆ ಬೆಂಕಿಯಿಂದ ಎದ್ದು, ಗಾಳಿಯಲ್ಲಿ ಬಂದು, ಮೇಲಿಂದ ಬಿದ್ದದ್ದು ಅನ್ನುವುದಕ್ಕೆ ಸಂಶಯ ಇಲ್ಲ. ಇಷ್ಟು ದಪ್ಪ ಚೂರು ಬಹಳ ದೂರದಿಂದ ಬರುವುದಿಲ್ಲ, ಬೇಗ ಬೀಳುತ್ತದೆ. ಹತ್ತಿರದ ಚಿಮಣಿ ಯಾವುದು?

ಚಾಲಕ: ಆ ಮೂಲ್ಯಾಗ ಸೈಜಿಂಗ್ ಐತಲ್ರೀ. ನಸುಕಿನ್ಯಾಗ ಬಾಯ್ಲರ್ ಹಚ್ಚತಾರ. ನಾ ಏಳೋ ಹೊತ್ತಿಗೆ ಹೊಗಿ ನೆಲದ ಮ್ಯಾಲ ಮಲಗಿರತೈತಿ.

ಲಾನಿನವರು: ಸೈಜಿಂಗಿಗೆ ಬಾಯ್ಲರ್ ಯಾಕೆ? ಅವರು ನೂಲಿಗೆ ಗಂಜಿ ಹಚ್ಚುವವರು ಅಷ್ಟೇ ಅಲ್ಲವೇ?

ಹಿರಿಯರು: ಗಂಜಿ ಹಚ್ಚಿದ ಮೇಲೆ ಒಣಗಿಸಬೇಡವೇ? ಪವರ್‌ಲೂಮಿನಲ್ಲಿ ಹಾಸು ನೂಲು ಬಿಗಿಯಾಗಿ ಎಳೆದು ನಿಂತಿರುತ್ತದೆ. ಹೊಕ್ಕು ನೂಲು ಒಂದೊಂದು ಸಲ ಹಾಯುವಾಗಲೂ ಹಾಸು ಮೇಲೆ ಕೆಳಗೆ ಆಗಬೇಕು, ಹಣಿಗೆಗೆ ಉಜ್ಜಬೇಕು. ಬರೀ ನೂಲು ಆ ಉಜ್ಜಾಟ ತಡೆಯದೆ ಜುಂಗು ಎದ್ದು ಹರಿಯುತ್ತದೆ. ಅದಕ್ಕೇ ಮರಗೆಣಸಿನ ಹಿಟ್ಟು, ಮೆಕ್ಕೆಜೋಳದ ಪಿಷ್ಟ, ಹುಣಸೆಬೀಜದ ಪುಡಿ ಅಂತ ಏನೇನೋ ಬೇಯಿಸಿ ಲೇಪ ಕೊಡುತ್ತಾರೆ. ಲೇಪ ಕೊಟ್ಟ ಸಾವಿರಾರು ಎಳೆಗಳನ್ನು ಉಗಿಯಿಂದ ಕಾದ ಉರುಳೆಗಳ ಮೇಲೆ ಹಾಯಿಸಿ ಒಣಗಿಸಬೇಕು. ಗಂಜಿ ಬೇಯಿಸಲೂ ಉಗಿ, ಒಣಗಿಸಲೂ ಉಗಿ. ಸೈಜಿಂಗ್ ನಿಂತರೆ ಲೂಮು ನಿಲ್ಲುತ್ತದೆ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರಕ್ಕೆ ಮುಂಬೈಯ ಗಿರಣಿಗಳು ಬಾಗಿಲು ಹಾಕಿದ ಮೇಲೆ ಅಲ್ಲಿನ ನೇಯ್ಗೆ ಎಷ್ಟೋ ಭಿವಂಡಿಗೆ ಬಂತು. ಉತ್ತರಪ್ರದೇಶದ ಮೋಮಿನರು, ತೆಲಂಗಾಣದ ಪದ್ಮಶಾಲಿಗಳು, ನಮ್ಮ ಕಡೆಯ ಹೋಟೆಲಿನವರು, ಎಲ್ಲರ ಅನ್ನ ಆ ಲೂಮಿನ ಸದ್ದಿನಲ್ಲೇ ಇದೆ. ಹಾಗಾಗಿ ಸೈಜಿಂಗ್ ಮುಚ್ಚಿ ಅಂತ ನಾನು ಹೇಳುವುದಿಲ್ಲ. ಬಾಯ್ಲರಿಗೆ ಏನು ಹಾಕುತ್ತೀರಿ, ಹೊಗೆ ಚಿಮಣಿ ಸೇರುವ ಮೊದಲು ದೂಳು ಹಿಡಿಯುವ ಸೈಕ್ಲೋನ್ ಇದೆಯೇ, ಇದ್ದರೆ ಅದರ ಬೂದಿ ಕೊನೆಯ ಸಲ ಯಾವಾಗ ತೆಗೆದಿರಿ ಅಂತ ಕೇಳಬೇಕು. ಒಣ ಕಟ್ಟಿಗೆಯನ್ನು ಸಾಕಷ್ಟು ಗಾಳಿ ಕೊಟ್ಟು ಉರಿಸಿದರೆ ಇಷ್ಟು ಚೂರು ಹಾರುವುದಿಲ್ಲ. ಅಗ್ಗಕ್ಕೆ ಸಿಕ್ಕ ಚಿಂದಿ, ಹಸಿ ಕಟ್ಟಿಗೆ ತುಂಬಿಸಿ ಗಾಳಿ ಮುಚ್ಚಿದರೆ ಹೀಗೆ ಆಗುತ್ತದೆ.

ಲಾನಿನವರು: ಕೇಳಬೇಕು ಅನ್ನುವುದು ಸುಲಭ. ಆ ಸೈಜಿಂಗಿನವರ ಮನೆಯ ಎರಡು ಮದುವೆ ಇದೇ ಲಾನಿನಲ್ಲಿ ಆಗಿದೆ. ಇನ್ನೊಂದು ಮಾತಾಗಿದೆ. ಹೆಸರೇ ಗೊತ್ತಿಲ್ಲದ ಡೈ ಕಂಪನಿಯ ಮೇಲೆ ಬರೆಯಲಿಕ್ಕೆ ನನಗೆ ಕೈ ನಡುಗಲಿಲ್ಲ. ಇದಕ್ಕೆ ನಡುಗುತ್ತದೆ.

ಹಿರಿಯರು: ಉಪ್ಪಿನ ಮಾತು ಎತ್ತಿದ್ದಿರಲ್ಲ, ಅದಕ್ಕೆ ಉತ್ತರ ಇಲ್ಲಿದೆ. ನಾನು ಕಂಪನಿಯ ಉಪ್ಪು ತಿಂದೆ, ನೀವು ಸೈಜಿಂಗಿನವರ ಮದುವೆಯ ಉಪ್ಪು ತಿನ್ನುತ್ತಿದ್ದೀರಿ. ಈ ಊರಿನಲ್ಲಿ ಉಪ್ಪು ತಿನ್ನದವರು ಯಾರೂ ಸಿಗುವುದಿಲ್ಲ. ಅದಕ್ಕೇ ಬಾಯಿಮಾತು ಬೇಡ, ತಟ್ಟೆ ಇಡಿ.

ಲಾನಿನವರು: ತಟ್ಟೆ?

ಹಿರಿಯರು: ಊಟದ ಬಿಳಿ ತಟ್ಟೆ. ನಿಮ್ಮಲ್ಲಿ ಬೇಕಾದಷ್ಟಿವೆ. ತೆಳುವಾಗಿ ವ್ಯಾಸಲೀನ್ ಸವರಿ ಲಾನಿನ ನಾಲ್ಕು ಮೂಲೆಗೆ ಇಡಿ. ನೆಲಕ್ಕಲ್ಲ, ಮೇಜಿನ ಮೇಲೆ, ಗಾಡಿಯ ದೂಳು ತಾಗದಷ್ಟು ಎತ್ತರಕ್ಕೆ. ಬೆಳಗಿನ ತಟ್ಟೆ ಬೇರೆ, ಮಧ್ಯಾಹ್ನದ್ದು ಬೇರೆ. ಈ ತಿಂಗಳಲ್ಲಿ ಬೆಳಗಿನ ಗಾಳಿ ನೆಲದ ಕಡೆಯಿಂದ ಸಮುದ್ರಕ್ಕೆ, ಮಧ್ಯಾಹ್ನ ಸಮುದ್ರದ ಕಡೆಯಿಂದ ಒಳಕ್ಕೆ ಬೀಸುತ್ತದೆ. ಕಪ್ಪು ಯಾವ ಹೊತ್ತಿಗೆ ಹೆಚ್ಚು ಬಿತ್ತು ಅಂತ ಗೊತ್ತಾದರೆ ಯಾವ ದಿಕ್ಕಿನ ಚಿಮಣಿ ಅಂತ ಅರ್ಧ ಗೊತ್ತಾದ ಹಾಗೆ. ಬಾಯ್ಲರಿಗೆ ರಜೆ ಇದ್ದ ದಿನವೂ ತಟ್ಟೆ ಇಡಿ, ಆ ದಿನದ್ದೇ ಮುಖ್ಯ. ಅವತ್ತೂ ಅಷ್ಟೇ ಕಪ್ಪು ಬಿದ್ದರೆ ಸೈಜಿಂಗಿನವರನ್ನು ಅನುಮಾನಿಸಿದ್ದಕ್ಕೆ ಅವರ ಮನೆಗೆ ಹೋಗಿ ಚಹಾ ಕುಡಿದು ಬನ್ನಿ.

ಲಾನಿನವರು: ಬೀಳದೆ ಹೋದರೆ?

ಹಿರಿಯರು: ಆಗಲೂ ಮೊದಲು ಚಹಾಕ್ಕೇ ಹೋಗಿ, ಎರಡು ತಟ್ಟೆ ಹಿಡಿದುಕೊಂಡು. ಬಾಯ್ಲರ್ ಉರಿದ ದಿನದ್ದು, ಉರಿಯದ ದಿನದ್ದು. ಅವರ ಮಗಳ ಮದುವೆಯ ಕುರ್ಚಿಯ ಮೇಲೂ ಬಿದ್ದದ್ದು ಇದೇ ಅಂತ ತೋರಿಸಿ. ಅಷ್ಟಕ್ಕೂ ಕೇಳದಿದ್ದರೆ ಪತ್ರ. ಗಾಳಿಯ ಮಾಲಿನ್ಯಕ್ಕೆ 1981ರಿಂದ ಕಾಯ್ದೆ ಇದೆ, ಮಂಡಳಿಯ ಪ್ರಾದೇಶಿಕ ಕಚೇರಿ ಕಲ್ಯಾಣದಲ್ಲೇ ಇದೆ. ಆದರೆ ನೀವು ಟೈಪ್ ಮಾಡಿಸಿದ ಈ ಪತ್ರ ಅಲ್ಲ. ಕೊಡಿ ಇಲ್ಲಿ. ಇದರಲ್ಲಿ ಕಿತ್ತಳೆಯ ಸಾಲುಗಳನ್ನೆಲ್ಲ ಹೊಡೆದು ಹಾಕುತ್ತೇನೆ. ಇದನ್ನು ಹೀಗೇ ಕಳಿಸಿದ್ದರೆ ಅಧಿಕಾರಿ ಬಂದು, ಹುಲ್ಲಿನ ರೋಗ ಅಂತ ನೋಡಿ, ವರದಿ ಬರೆದು ಹೋಗುತ್ತಿದ್ದ. ಅದಾದ ಮೇಲೆ ನೀವು ಕಪ್ಪಿನ ಬಗ್ಗೆ ಬರೆದರೆ, ಹುಲ್ಲಿನ ರೋಗಕ್ಕೆ ದೂರು ಕೊಟ್ಟವರು ಇವರೇ ಅಂತ ನಗುತ್ತಿದ್ದರು.

ಚಾಲಕ: ಹಂಗಾದರ ಗಾಡಿ ತೊಳೀಲೇನ್ರೀ ಈಗ?

ಹಿರಿಯರು: ಡೆಕ್ಕು, ಟೈರು ತೊಳಿ. ಬಾನೆಟ್ಟಿನ ಮೇಲಿನದ್ದನ್ನು ಈ ಕಾಗದದ ಮೇಲೆ ಬ್ರಷ್ಷಿನಿಂದ ಕೊಡವಿ, ಮಡಚಿ, ಮೇಲೆ ಇವತ್ತಿನ ತಾರೀಖು ಹಾಕು. ಅದು ತೊಳೆದು ಚೆಲ್ಲುವ ಮಾಲು ಅಲ್ಲ.

ಲಾನಿನವರು: ಹೊಸ ಪತ್ರದಲ್ಲಿ ಏನಂತ ಬರೆಯಲಿ?

ಹಿರಿಯರು: ಯಾರ ಹೆಸರೂ ಬೇಡ, ವಿಷ, ಕ್ಯಾನ್ಸರ್ ಅನ್ನುವ ಮಾತೂ ಬೇಡ. ಇಂಥ ತಾರೀಖು, ಇಷ್ಟು ಗಂಟೆಯಿಂದ ಇಷ್ಟು ಗಂಟೆ, ಗಾಳಿ ಈ ಕಡೆಯಿಂದ, ಇಂಥ ಮೂಲೆಯ ತಟ್ಟೆಯಲ್ಲಿ ಹೀಗೆ ಬಿತ್ತು, ಬಾಯ್ಲರ್ ನಿಂತ ದಿನ ಹೀಗೆ ಬಿತ್ತು ಅಂತ ಬರೆಯಿರಿ. ಫೋಟೋ ಹಚ್ಚಿ, ಕಾಗದದ ಪೊಟ್ಟಣ ಲಗತ್ತಿಸಿ. ಪಕ್ಕದ ಎರಡು ಲಾನಿನವರೂ ತಟ್ಟೆ ಇಟ್ಟು ಸಹಿ ಹಾಕಿದರೆ ಇನ್ನೂ ಒಳ್ಳೆಯದು, ಅವರ ಕುರ್ಚಿಗಳೂ ಬಿಳಿಯವೇ. ಕಲ್ಯಾಣದ ಕಚೇರಿಯಲ್ಲಿ ಕೊಡುವಾಗ ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಬರಬೇಡಿ.